ಬೂರೆಯ ರಾತ್ರಿ ಹೋದ ಗಂಟೆ

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀಪಾವಳಿಯಲ್ಲಿ ಕದಿಯುವುದಕ್ಕೂ ಒಂದು ರಾತ್ರಿ ಇದೆ. ಬೂರೆ ಹಾಯುವುದು ಅನ್ನುತ್ತಾರೆ. ನಮ್ಮೂರಲ್ಲಿ ಅದು ನೀರು ತುಂಬುವ ಹಬ್ಬದ ರಾತ್ರಿ. ಸಂಜೆ ಹಂಡೆ ತೊಳೆದು, ಶೇಡಿ ಅನ್ನುವ ಬಿಳಿಮಣ್ಣು, ಕೆಮ್ಮಣ್ಣಿನ ಗೆರೆ ಎಳೆದು, ಹಿಂಡಲೆ ಬಳ್ಳಿ ಸುತ್ತಿ, ಬಾವಿಯ ನೀರು ತುಂಬಿ ದೊಡ್ಡವರು ಮಲಗುತ್ತಾರೆ. ಹುಡುಗರು ಆಗ ಹೊರಡುತ್ತಾರೆ. ಬೆಳಗಾಗುವಷ್ಟರಲ್ಲಿ ಹಿತ್ತಲಿನ ಮೊಗೆಕಾಯಿ, ಎಳನೀರು, ಬಾಳೆಗೊನೆ ಮಾಯ. ಒಬ್ಬರ ಮನೆಯ ಬೇಲಿಬಾಗಿಲಿನ ದಣಪೆ ಇನ್ನೊಬ್ಬರ ಅಂಗಳದಲ್ಲಿ, ಎತ್ತಿನ ಗಾಡಿ ಶಾಲೆಯ ಮುಂದೆ. ಯಾರೂ ಬೈಯುವ ಹಾಗಿಲ್ಲ. ಆದರೆ ಅದಕ್ಕೂ ಒಂದು ಹದ್ದು ಇತ್ತು. ತಿನ್ನುವುದನ್ನು ಒಯ್ಯಬಹುದು, ಉಳಿದದ್ದರ ಜಾಗ ಬದಲಿಸಬಹುದು. ಮನೆಯೊಳಗೆ, ಕೊಟ್ಟಿಗೆಯೊಳಗೆ ಕಾಲಿಡಬಾರದು.

ಆ ವರ್ಷ ನಮ್ಮ ಕೊಟ್ಟಿಗೆಯಿಂದ ಕಂಚಿನ ಗಂಟೆ ಹೋಯಿತು.

ಅದು ಅಜ್ಜಿಯ ಕಾಲದ್ದು. ವರ್ಷಕ್ಕೊಮ್ಮೆ ಗೋಪೂಜೆಯ ದಿನ ಮನೆಯ ಹಿರಿಯ ಹಸುವಿನ ಕೊರಳಿಗೆ ಕಟ್ಟುತ್ತಿದ್ದೆವು. ಅಪ್ಪನಿಗೆ ವಿಪರೀತ ಸಿಟ್ಟು ಬಂತು. ಹಾಲು ಕರೆಯಲು ಬರುತ್ತಿದ್ದ ಹುಡುಗನ ಮೇಲೆಯೇ ಮೊದಲ ಅನುಮಾನ. ಕೊಟ್ಟಿಗೆಯ ಒಳಹೊರಗು ಗೊತ್ತಿದ್ದವನು ಅವನೇ ತಾನೇ, ಅಂದರು.

ಹಬ್ಬಕ್ಕೆ ಬಂದಿದ್ದ ಅತ್ತೆಗೆ ಆ ಮಾತು ಹಿಡಿಸಲಿಲ್ಲ. ಶಾಲೆಯಲ್ಲಿ ಟೀಚರ್ ಆಗಿದ್ದವರು ಅವರು. ಎಷ್ಟೋ ಮಕ್ಕಳ ಕಳೆದ ಬಳಪ, ಕಳೆದ ಟಿಫಿನ್ ಡಬ್ಬಿ ಹುಡುಕಿಕೊಟ್ಟವರು. "ಬಡವರ ಮಗನ ಹೆಸರು ಬಾಯಿಗೆ ಬೇಗ ಬರುತ್ತೆ ತಮ್ಮಾ. ಮೊದಲು ನೋಡೋಣ" ಅಂದವರೇ ನನ್ನನ್ನು ಕರೆದುಕೊಂಡು ಕೊಟ್ಟಿಗೆಗೆ ಹೋದರು.

ಗೂಟದಲ್ಲಿ ಎರಡು ಗಂಟೆ ಇರುತ್ತಿದ್ದವು. ಇನ್ನೊಂದು ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡದ್ದು. ದೊಡ್ಡದು, ಫಳಫಳ ಹೊಳೆಯುವಂಥದ್ದು. ಅದು ಅಲ್ಲೇ ಇತ್ತು. ಮಾಸಿ ಕಪ್ಪಾದ ಹಳೆಯದೇ ಹೋಗಿತ್ತು. "ದುಡ್ಡಿಗೆ ಕದ್ದವರು ಇದನ್ನ ಬಿಟ್ಟು ಹೋಗ್ತಿದ್ರಾ?" ಅಂದರು ಅತ್ತೆ. ನೆಲಕ್ಕೆಲ್ಲ ಸೊಪ್ಪು ಹಾಸಿದ್ದರಿಂದ ಒಳಗೆ ಹೆಜ್ಜೆ ಮೂಡಿರಲಿಲ್ಲ. ಅವರು ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಅಮ್ಮ ಸಂಜೆ ಎಳೆದಿದ್ದ ಶೇಡಿಯ ಗೆರೆ ಒಂದು ಕಡೆ ಉಜ್ಜಿಹೋಗಿತ್ತು. ಪಕ್ಕದಲ್ಲಿ ರೂಪಾಯಿಯಷ್ಟಗಲದ ಒಂದು ದುಂಡು ಗುರುತು. ಅದರ ನಡುವೆ ಶೇಡಿ ಪೂರ್ತಿ ಎದ್ದು ಬಂದು ಮಣ್ಣು ಕಾಣುತ್ತಿತ್ತು. ಅತ್ತೆ ಅದರ ಮೇಲೆ ಬೆರಳಿಟ್ಟು ನೋಡಿದರು.

"ಬೂರೆ ಹಾಯೋ ಹುಡುಗರು ಕೋಲೂರಿಕೊಂಡು ಬರ್ತಾರೇನೇ?"

ಹಾಲಿನ ಹುಡುಗನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆಮೇಲಿನ ಹುಡುಕಾಟ ಬರೀ ಕುತೂಹಲಕ್ಕೆ ಅನಿಸಿಬಿಟ್ಟಿತು. ಅತ್ತೆಗೆ ಹಾಗಿರಲಿಲ್ಲ. ಊರಲ್ಲಿ ಕೋಲು ಹಿಡಿದು ನಡೆಯುವವರು ಮೂವರೇ. ದೇವಸ್ಥಾನದ ಭಟ್ಟರ ತಾಯಿ, ಮೊಣಕಾಲು ನೋವಿನ ಅಂಗಡಿಯವರು. ಮೂರನೆಯವರ ಹೆಸರನ್ನು ಅತ್ತೆ ಹೇಳಲಿಲ್ಲ. ನನಗೂ ಹೊಳೆದಿತ್ತು, ನಾನೂ ಹೇಳಲಿಲ್ಲ.

ಅಮಾವಾಸ್ಯೆಯ ರಾತ್ರಿ ಅಂಟಿಗೆ-ಪಂಟಿಗೆಯವರು ಬಂದರು. ಆರದ ಹಾಗೆ ಕಾಪಾಡಿಕೊಂಡ ದೀಪ ಹಿಡಿದು, ಮನೆಮನೆಗೆ ಹಾಡುತ್ತಾ ಬರುವ ತಂಡ. ಅವರು ಯಾವ ಮನೆಯನ್ನೂ ಬಿಡುವುದಿಲ್ಲ. ಊರಿನ ಸುದ್ದಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಅತ್ತೆ ದೀಪಕ್ಕೆ ಎಣ್ಣೆ ಹೊಯ್ದು, ಹೋಳಿಗೆ ಕೊಟ್ಟು ಸುಮ್ನೆ ಕೇಳಿದರು, "ಆಚೆ ಮನೆಯಲ್ಲಿ ಅಣ್ಣಯ್ಯ ಎದ್ದಿದ್ದರೇನೋ?"

"ಎದ್ದಿದ್ರು. ಜಗಲಿ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಗಂಟೆ ತಿಕ್ತಾ ಇದ್ರು" ಅಂದ ಮುಂದಾಳು.

ಆಚೆ ಮನೆ ಅಂದರೆ ದೊಡ್ಡಪ್ಪನ ಮನೆ. ಅಪ್ಪನೂ ದೊಡ್ಡಪ್ಪನೂ ಪಾಲಾದ ಮೇಲೆ ಮಾತಾಡಿದ್ದಿಲ್ಲ. ನಡುವೆ ಒಂದೇ ಬೇಲಿ. ತೋಟ, ಪಾತ್ರೆ, ದನ ಎಲ್ಲವೂ ಲೆಕ್ಕ ಹಾಕಿ ಹಂಚಿಕೆಯಾಗಿದ್ದವು. ಗಂಟೆ ಹಸುವಿನ ಜೊತೆಗೆ ನಮ್ಮ ಕಡೆ ಬಂದಿತ್ತು. ಅದನ್ನು ಪಟ್ಟಿಗೆ ಬರೆದವರೇ ಇಲ್ಲ.

ಪಾಡ್ಯದ ಬೆಳಗ್ಗೆ ಅತ್ತೆ ನನ್ನನ್ನೂ ಕರೆದುಕೊಂಡು ಬೇಲಿ ದಾಟಿದರು. ದೊಡ್ಡಪ್ಪನ ಹಸುವಿನ ಮೈಮೇಲೆ ಕೆಮ್ಮಣ್ಣು-ಶೇಡಿಯ ಅಚ್ಚು, ಕೊರಳಲ್ಲಿ ಹಣ್ಣಡಿಕೆ, ಪಚ್ಚೆತೆನೆ, ಚೆಂಡು ಹೂವಿನ ಸರ. ಗಂಟೆ ಇನ್ನೂ ಅವರ ತೊಡೆಯ ಮೇಲೇ ಇತ್ತು. ಹೊಳಪು ಬಂದಿತ್ತು. ಅತ್ತೆಯನ್ನು ನೋಡಿ ಅವರು ಬಚ್ಚಿಡಲಿಲ್ಲ.

"ಬೂರೆಗೆ ಬಂದಿದ್ದು" ಅಂದರು.

"ಕೇಳಿದ್ರೆ ತಮ್ಮ ಕೊಡ್ತಿದ್ನಲ್ಲ, ಅಣ್ಣಯ್ಯ."

"ಕೊಡ್ತಿದ್ದ. ಕೇಳೋಕೆ ಬಾಯಿ ಬರಲಿಲ್ಲ. ಅಮ್ಮನ ದನ ಮೇಯಿಸಿದ್ದು ನಾನು. ಈ ಸದ್ದು ಹಿಡಿದುಕೊಂಡೇ ಸಂಜೆ ಕಾಡಲ್ಲಿ ದನ ಹುಡುಕ್ತಿದ್ದೆ."

ಬೂರೆ ಅಂದರೆ ಹುಡುಗರ ಆಟ ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಅವತ್ತಿನಿಂದ ಹಾಗೆ ಅನಿಸುವುದಿಲ್ಲ. ಕೇಳಲು ಬಾಯಿ ಬಾರದ ಒಬ್ಬ ಮುದುಕ, ತನ್ನ ಕೈಗೆ ಕಳ್ಳನ ಹೆಸರು ಅಂಟದ ಆ ಒಂದು ರಾತ್ರಿಗಾಗಿ ಎಷ್ಟು ದೀಪಾವಳಿ ಕಾದಿದ್ದರೋ. ಕತ್ತಲಲ್ಲಿ ಕೋಲೂರಿಕೊಂಡು ದಣಪೆ ದಾಟಿ, ಸದ್ದಾಗದ ಹಾಗೆ ಗಂಟೆಗೆ ಹುಲ್ಲು ತುರುಕಿ ಒಯ್ದಿದ್ದರು. ಅತ್ತೆ ಗಂಟೆ ಇಸಿದುಕೊಂಡು ತಾವೇ ಹಸುವಿನ ಕೊರಳಿಗೆ ಕಟ್ಟಿದರು.

ಜಾಗಟೆ ಬಾರಿಸಿ ಊರಿನ ದನಗಳನ್ನೆಲ್ಲ ಬಿಟ್ಟಾಗ ಅಪ್ಪನಿಗೆ ಸದ್ದು ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ? ಅತ್ತೆಯ ಮುಖ ನೋಡಿದರು.

"ಬೂರೆಗೆ ಹೋದದ್ದನ್ನ ವಾಪಸ್ ಕೇಳೋ ಪದ್ಧತಿ ಇಲ್ಲ ತಮ್ಮಾ" ಅಂದರು ಅತ್ತೆ.

ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನೇರ ದೊಡ್ಡಪ್ಪನ ಹತ್ತಿರ ಹೋದರು. ನನಗೆ ಎದೆ ಢವಢವ. ಗಂಟೆಯ ಮಾತೇ ಬರಲಿಲ್ಲ.

"ಈ ಸಲ ಅಡಿಕೆಗೆ ಕೊಳೆರೋಗ ಜಾಸ್ತಿ ಬಂತಾ ಅಣ್ಣಯ್ಯ?"

"ಕೆಳಗಿನ ತೋಟಕ್ಕೆ ಬಂತು. ನೀನು ಔಷಧಿಗೆ ಮೈಲುತುತ್ತ ಎಷ್ಟು ಹಾಕಿದ್ದೆ?"

"100 ಲೀಟರಿಗೆ 1 ಕೆಜಿ, ಸುಣ್ಣನೂ ಅಷ್ಟೇ."

"ಸುಣ್ಣ ಹಳೇದಿದ್ರೆ ಹಿಡಿಯೋದಿಲ್ಲ, ನೋಡ್ಕೋ" ಅಂದರು ದೊಡ್ಡಪ್ಪ. ಆಮೇಲೆ ಇಬ್ಬರೂ ತೋಟದ ಕಡೆ ಹೊರಟರು, ಯಾವ ಮರಕ್ಕೆ ಕೊಳೆ ಬಂದಿದೆ ಅಂತ ನೋಡಲು.