ಏಳು ಬಾಂಡ್ಲಿ ಹಾಕಿದರೆ ನಾಲ್ಕೂವರೆ

1994ರ ದಸರಾ ರಜೆ. ನಾನಾಗ ಮೊದಲ ಪಿಯುಸಿ. ಅಪ್ಪ ಗಾರೆ ಮೇಸ್ತ್ರಿ. ರಜೆ ಬಂತೆಂದರೆ ನಾನೂ ಅವರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಆ ಸಲ ಒಬ್ಬರ ಮನೆ ಹಿತ್ತಲಲ್ಲಿ ನೆಲಕ್ಕೆ ಕಾಂಕ್ರೀಟ್ ಹಾಕಬೇಕಿತ್ತು. "ಪಿಯುಸಿ ಓದ್ತಿದ್ದೀಯಲ್ಲ, ಎಷ್ಟು ಮೂಟೆ ಸಿಮೆಂಟ್ ಬೇಕು ಲೆಕ್ಕ ಹಾಕು" ಎಂದರು ಅಪ್ಪ.

ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಒಟ್ಟು ಏಳು ಪಾಲು. ಹಾಗಾದರೆ ಒಂದು ಘನಮೀಟರ್ ಕಾಂಕ್ರೀಟ್‌ನಲ್ಲಿ ಏಳನೇ ಒಂದು ಭಾಗ ಸಿಮೆಂಟ್. 50 ಕೆಜಿಯ ಒಂದು ಮೂಟೆ ಅಂದರೆ ಸುಮಾರು 35 ಲೀಟರ್. ಭಾಗಿಸಿ ನೋಡಿ, ಘನಮೀಟರಿಗೆ ನಾಲ್ಕು ಮೂಟೆ ಅಂದೆ. ಅಪ್ಪ ನನ್ನ ಕಾಗದ ನೋಡಲೂ ಇಲ್ಲ. "ಆರು ಮೂಟೆ ದಾಟುತ್ತೆ ಕಣೋ. ಏಳು ಬಾಂಡ್ಲಿ ಹಾಕಿದ್ರೆ ಏಳು ಬಾಂಡ್ಲಿ ಎಲ್ಲಿ ಬರುತ್ತೆ? ನಾಲ್ಕೂವರೆ ಬರುತ್ತೆ" ಎಂದರು.

ಮೂರನೇ ಕ್ಲಾಸೂ ಮುಗಿಸದ ಅಪ್ಪ ಹೇಳಿದ್ದು ಸರಿ. ನನ್ನ ಕೂಡುವ ಲೆಕ್ಕವೂ ಸರಿ. ಎರಡೂ ಸರಿಯಾಗುವುದು ಹೇಗೆ? ರಜೆ ಮುಗಿಯುವವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಕಾಲೇಜು ತೆರೆದ ದಿನವೇ ಗಣಿತದ ಸಾರ್ ಹತ್ತಿರ ಹೋದೆ.

ಅವರ ಕ್ಲಾಸಿನಲ್ಲಿ ಕೂತವರಿಗೆಲ್ಲ ಒಂದು ಮಾತು ನೆನಪಿರಬೇಕು. ಬೋರ್ಡಿನ ಮೇಲೆ ಯಾರಾದರೂ ಬರೀ 7 ಎಂದು ಬರೆದರೆ "ಏಳು ಏನಪ್ಪಾ? ಎಮ್ಮೆಯಾ, ಮೊಳವಾ?" ಎಂದು ಕೇಳುತ್ತಿದ್ದರು. ಉತ್ತರದ ಪಕ್ಕದಲ್ಲಿ ಮಾನ ಬರೆಯದಿದ್ದರೆ ಅರ್ಧ ಅಂಕ ಹೋಯಿತು. ಆಗ ಅದು ಹಟ ಅನ್ನಿಸುತ್ತಿತ್ತು.

ನನ್ನ ಮಾತು ಕೇಳಿ ಅವರು ಏನೂ ವಿವರಿಸಲಿಲ್ಲ. ಸಂಜೆ ರಸಾಯನ ಶಾಸ್ತ್ರದ ಲ್ಯಾಬಿಗೆ ಬಾ ಅಂದರು. ಹೋದೆ. ಎರಡು ಅಳತೆ ಜಾಡಿ ಇಟ್ಟಿದ್ದರು. ಒಂದರಲ್ಲಿ ಸರಿಯಾಗಿ 50 ಎಂ.ಎಲ್. ನೀರು, ಇನ್ನೊಂದರಲ್ಲಿ 50 ಎಂ.ಎಲ್. ಆಲ್ಕೋಹಾಲ್. ದೊಡ್ಡ ಜಾಡಿಗೆ ನನ್ನ ಕೈಯಲ್ಲೇ ಎರಡನ್ನೂ ಸುರಿಸಿದರು. ಒಳಗೆ ಎಣ್ಣೆ ಎಳೆಗಳ ಹಾಗೆ ಏನೋ ಸುಳಿದಾಡಿತು. ಸಣ್ಣ ಸಣ್ಣ ಗುಳ್ಳೆ ಎದ್ದವು. ಜಾಡಿ ಹಿಡಿದ ಕೈಗೆ ಬಿಸಿ ತಾಗಿತು. "ಈಗಲೇ ಓದಬೇಡ, ಆರಲಿ" ಅಂದರು. ಆರಿದ ಮೇಲೆ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ನೂರು ಇಲ್ಲ. 97ರ ಹತ್ತಿರ ನಿಂತಿತ್ತು.

ನಾನು ನೆಲ ನೋಡಿದೆ, ಚೆಲ್ಲಿದೆನೇನೋ ಅಂತ. ಆಗ ಸಾರ್ ತಕ್ಕಡಿ ತೋರಿಸಿದರು. ಇನ್ನೊಮ್ಮೆ ಮಾಡಿದೆವು, ಈ ಸಲ ಮೊದಲು ತೂಕ, ಆಮೇಲೆ ತೂಕ. ನೀರು ಸುಮಾರು 50 ಗ್ರಾಂ, ಆಲ್ಕೋಹಾಲ್ ಸುಮಾರು 40 ಗ್ರಾಂ. ಬೆರೆಸಿದ ಮೇಲೂ ಎರಡರ ತೂಕ ಸೇರಿದಷ್ಟೇ ಇತ್ತು. ಒಂದು ಹನಿಯೂ ಕಳೆದಿರಲಿಲ್ಲ. ನೀರಿನ ಕಣಗಳೂ ಆಲ್ಕೋಹಾಲಿನ ಕಣಗಳೂ ಒಂದನ್ನೊಂದು ಹತ್ತಿರಕ್ಕೆ ಎಳೆದುಕೊಂಡು ಒತ್ತಾಗಿ ಕೂತಿದ್ದವು, ಅಷ್ಟೇ. "ಐವತ್ತು ಐವತ್ತು ನೂರೇ. ಅದರಲ್ಲಿ ಅನುಮಾನ ಬೇಡ. ಆದರೆ ಸುರಿಯೋದೂ ಕೂಡೋದೂ ಒಂದೇ ಅಂತ ನಿನಗೆ ಹೇಳಿದ್ದು ಯಾರು?" ಎಂದು ಕೇಳಿದರು.

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ.

ಮುಂದಿನ ಭಾನುವಾರ ಸಾರ್ ಅಪ್ಪನ ಕೆಲಸದ ಜಾಗಕ್ಕೇ ಬಂದರು. ಅಪ್ಪನಿಗೆ ಗಾಬರಿ, ಮಗ ಏನೋ ತಪ್ಪು ಮಾಡಿರಬೇಕು ಅಂತ. "ಮೇಸ್ತ್ರಿಗಳೇ, ನಿಮ್ಮ ನಾಲ್ಕೂವರೆ ನೋಡೋಣ ಅಂತ ಬಂದೆ" ಅಂದಾಗ ಅಪ್ಪನ ಮುಖ ಅರಳಿದ್ದು ನನಗೆ ನೆನಪಿದೆ. ಮರಳ ಗುಡ್ಡೆಯ ಪಕ್ಕ ಇಟ್ಟಿಗೆಯ ಮೇಲೆ ಕೂತು, ಸೆಂಟ್ರಿಂಗ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಬಾಂಡ್ಲಿಗೂ ಒಂದೊಂದು ಗೆರೆ ಎಳೆದರು. ಏಳು ಗೆರೆ. ತಗಡಿನ ಮೇಲೆ ಕಲಸಿದ್ದಾಯಿತು. ಅದೇ ಬಾಂಡ್ಲಿಯಲ್ಲಿ ಮತ್ತೆ ತುಂಬಿ ಎಣಿಸಿದೆವು. ನಾಲ್ಕು ತುಂಬಿತು, ಐದನೆಯದು ಅರ್ಧಕ್ಕೆ ನಿಂತಿತು. ಸಾರ್ ಹಲಗೆಯನ್ನೇ ನೋಡುತ್ತಾ "ಮೇಸ್ತ್ರಿಗಳೇ, ನೀರಿಗೆ ನಾವು ಗೆರೆನೇ ಎಳೆದಿಲ್ವಲ್ಲ!" ಅಂದರು. ನಿಜ. ಏಳರ ಮೇಲೆ ನೀರೂ ಹೋಗಿತ್ತು. ಆದರೂ ನಾಲ್ಕೂವರೆ.

ಆಗ ಅಪ್ಪ ಒಂದು ಬಾಂಡ್ಲಿಗೆ ಜಲ್ಲಿ ತುಂಬಿ ಅದರ ಮೇಲೆ ಚೊಂಬಿನಿಂದ ನೀರು ಹಾಕುತ್ತಾ ಹೋದರು. ತುಂಬಿದ ಬಾಂಡ್ಲಿ ಇನ್ನೂ ಅರ್ಧ ಬಾಂಡ್ಲಿಗೆ ಸ್ವಲ್ಪ ಕಡಿಮೆ ನೀರು ಕುಡಿಯಿತು. "ಇದೆಲ್ಲಾ ಸಂದು ಮೇಷ್ಟ್ರೇ. ಜಲ್ಲಿ ಸಂದಿಗೆ ಮರಳು, ಮರಳ ಸಂದಿಗೆ ಸಿಮೆಂಟು" ಎಂದರು. ಲ್ಯಾಬಿನಲ್ಲಿ ಕಾಣದಿದ್ದದ್ದು ಅಲ್ಲಿ ಕಣ್ಣಿಗೇ ಕಂಡಿತು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತದ ಪುಸ್ತಕ ಬರೆದು ಅದಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟಿದ್ದನ್ನು ಸಾರ್ ಹೆಮ್ಮೆಯಿಂದ ಹೇಳುತ್ತಿದ್ದರು. ಅವತ್ತು ಹೋಗುವಾಗ "ನಿಮ್ಮಪ್ಪನದು ವ್ಯವಹಾರಗಣಿತ ಕಣಯ್ಯ" ಎಂದರು.

ಮುಂದೆ ಸಿವಿಲ್ ಡಿಪ್ಲೊಮಾ ಸೇರಿದಾಗ ಪುಸ್ತಕದಲ್ಲಿ 1.54 ಎಂಬ ಅಂಕಿ ಸಿಕ್ಕಿತು. ಒಂದು ಘನಮೀಟರ್ ಹಸಿ ಕಾಂಕ್ರೀಟ್ ಬೇಕಾದರೆ ಒಣ ಮಾಲು 1.54 ಘನಮೀಟರ್ ಹಿಡಿಯಬೇಕು. ಏಳನ್ನು 1.54ರಿಂದ ಭಾಗಿಸಿದೆ. 4.55 ಬಂತು. ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ತೂಕವಾದರೂ ಕೂಡಿದಷ್ಟೇ ಇರುತ್ತದೆ ಎಂದು ನಾನು ನೆಮ್ಮದಿಯಾಗಿದ್ದೆ. ಎರಡನೇ ಪಿಯುಸಿಯಲ್ಲಿ ಅದೂ ಹೋಯಿತು. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿ ಹೀಲಿಯಂ ಪರಮಾಣುವಿನ ಬೀಜ, ಅಂದರೆ ನ್ಯೂಕ್ಲಿಯಸ್, ಆಗುತ್ತದೆ. ನಾಲ್ಕನ್ನೂ ಬಿಡಿಬಿಡಿಯಾಗಿ ತೂಗಿ ಕೂಡಿದರೆ ಬರುವುದಕ್ಕಿಂತ ಆ ಬೀಜದ ತೂಕ ಶೇಕಡಾ 0.75ರಷ್ಟು ಕಡಿಮೆ. ಹೀಗೆ ಕಳೆದ ತೂಕವೇ ಸೂರ್ಯನ ಬೆಳಕು. ಹೈಡ್ರೋಜನ್ ಹೀಲಿಯಂ ಆಗುತ್ತಾ ಸೂರ್ಯ ಸೆಕೆಂಡಿಗೆ 40 ಲಕ್ಷ ಟನ್‌ಗೂ ಜಾಸ್ತಿ ತೂಕ ಕಳೆದುಕೊಳ್ಳುತ್ತಾನೆ. ವೇಗವೂ ಹಾಗೆಯೇ. ಬೆಳಕಿನ ಅರ್ಧ ವೇಗಕ್ಕೆ ಇನ್ನೊಂದು ಅರ್ಧ ವೇಗ ಸೇರಿಸಿದರೆ ಪೂರ್ತಿ ಬೆಳಕಿನ ವೇಗ ಆಗುವುದಿಲ್ಲ, ಐನ್‌ಸ್ಟೈನ್ ಲೆಕ್ಕದಲ್ಲಿ ಅದರ 0.8 ಭಾಗ ಮಾತ್ರ ಬರುತ್ತದೆ. ನಮ್ಮ ಬಸ್ಸು ರೈಲುಗಳಲ್ಲಿ ಈ ವ್ಯತ್ಯಾಸ ಎಷ್ಟು ಸಣ್ಣದೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಹಾಗಾದರೆ ಎರಡೂ ಎರಡೂ ನಾಲ್ಕು ಅನ್ನೋದು ಎಲ್ಲಿ ನಿಜ ಸಾರ್?" ಎಂದು ಕೇಳಿದೆ. ಆಗ ಅವರು ಮಿಲ್ ಮತ್ತು ಫ್ರೇಗೆ ಎಂಬ ಇಬ್ಬರು ತತ್ವಜ್ಞಾನಿಗಳ ಕಥೆ ಹೇಳಿದರು. ಇಂಗ್ಲೆಂಡಿನ ಮಿಲ್ 1843ರಲ್ಲಿ ಬರೆದದ್ದು: ಕಲ್ಲು ಎಣಿಸಿ ಎಣಿಸಿ, ಅನುಭವದಿಂದಲೇ ನಾವು ಇದನ್ನೆಲ್ಲ ಕಲಿತದ್ದು. ಜರ್ಮನಿಯ ಫ್ರೇಗೆ 1884ರಲ್ಲಿ ಇದನ್ನು ಒಪ್ಪಲಿಲ್ಲ. ಲೆಕ್ಕ ಬೇರೆ, ಲೆಕ್ಕವನ್ನು ಲೋಕದ ಮೇಲೆ ಹಚ್ಚುವುದು ಬೇರೆ ಎಂದ. ವರ್ಷಗಳ ಮೇಲೆ ಫ್ರೇಗೆಯ ಆ ಪುಟ ಸಿಕ್ಕಿದಾಗ ನನಗೆ ಮೈ ಜುಮ್ಮೆಂದಿತು. ಎರಡು ಅಳತೆ ದ್ರವಕ್ಕೆ ಐದು ಅಳತೆ ಸುರಿದರೆ ಏಳು ಆಗುವುದು, ಬೆರೆತಾಗ ಗಾತ್ರ ಬದಲಾಗದಿದ್ದರೆ ಮಾತ್ರ ಎಂಬ ಅರ್ಥದ ಮಾತು ಅಲ್ಲಿದೆ. ನಮ್ಮ ಲ್ಯಾಬಿನ ಜಾಡಿಯೇ ಅದು, ಅಲ್ವಾ?

ನಾನು ಫ್ರೇಗೆ ಕಡೆ. ಹೀಲಿಯಂನ ತೂಕ ಕಡಿಮೆ ಆದರೂ ಅದರೊಳಗಿನ ಕಣ ಎಣಿಸಿದರೆ ನಾಲ್ಕೇ. ಕೂಡುವ ಲೆಕ್ಕ ಎಲ್ಲೂ ಸುಳ್ಳಾಗಿಲ್ಲ. ಆದರೆ ಈ ಕೆಲಸಕ್ಕೆ ಅದು ಒಪ್ಪುತ್ತದೋ ಇಲ್ಲವೋ ಎಂದು ಕೈಹಾಕಿ ನೋಡದೆ ಹೇಳುವ ಹಾಗಿಲ್ಲ. ಎಣಿಸುವುದಕ್ಕೂ ವಸ್ತುಗಳು ಬಿಡಿಯಾಗಿ ನಿಂತಿರಬೇಕು. ಕೆಸುವಿನ ಎಲೆಯ ಮೇಲೆ ಎರಡು ಹನಿ ಒಂದಕ್ಕೊಂದು ತಾಗಿದರೆ ಒಂದೇ ಹನಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಇದನ್ನು ಮರೆತು ನಾನೇ ಪೆಟ್ಟು ತಿಂದೆ. ಮಳೆ ನಿಂತ ಮಾರನೇ ದಿನ ಲಾರಿಗಳಲ್ಲಿ ಮರಳು ಬಂತು. ಅಳೆದೆ, ಲೆಕ್ಕ ಸರಿ ಇತ್ತು, ಸಹಿ ಹಾಕಿದೆ. ಕೆಲಸ ಮುಗಿಯುವ ಮೊದಲೇ ಮರಳು ಮುಗಿಯಿತು. ತೇವದ ಮರಳು ಉಬ್ಬುತ್ತದೆ. ಕಾಳುಕಾಳಿನ ಸುತ್ತ ನೀರಿನ ತೆಳು ಪೊರೆ ಕಟ್ಟಿ ಕಾಳುಗಳು ದೂರ ದೂರ ನಿಲ್ಲುತ್ತವೆ. ಶೇಕಡಾ ಐದರಷ್ಟು ತೇವ ಇದ್ದರೆ ಸಾಕು, ಗಾತ್ರ ಕಾಲು ಭಾಗದಷ್ಟು ಜಾಸ್ತಿ ಆಗಬಹುದು. ನಾನು ಗಾಳಿಗೂ ಸಹಿ ಹಾಕಿದ್ದೆ.

ಹೋದ ಮಳೆಗಾಲದಲ್ಲಿ ಸಾರ್ ಮನೆಗೆ ಹೋದಾಗ ಇದನ್ನು ಹೇಳಿದೆ. ನಾಲ್ಕು ಬಾಂಡ್ಲಿ ಒಣ ಮರಳಿಗೆ ಸ್ವಲ್ಪ ನೀರು ಹಾಕಿದರೆ ಐದು ಬಾಂಡ್ಲಿ. ಇನ್ನೂ ನೀರು ಹಾಕಿ ಮುಳುಗಿಸಿದರೆ ಮತ್ತೆ ನಾಲ್ಕು. ಅವರಿಗೀಗ ವಯಸ್ಸಾಗಿದೆ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. "ನಾಲ್ಕು ಐದಾಗಿ ಮತ್ತೆ ನಾಲ್ಕಾ? ನಾನು ನೋಡಬೇಕಲ್ಲಯ್ಯ" ಅಂದರು.

ಮುಂದಿನ ಭಾನುವಾರ ಒಣಗಿಸಿದ ಮರಳು, ಒಂದು ಗಾಜಿನ ಜಾಡಿ, ಅಡಿಪಟ್ಟಿ ಹಿಡಿದು ಹೋದೆ. ನಾಲ್ಕು ಇಂಚು ಮರಳು ತುಂಬಿ ತೋರಿಸಿದೆ. ತಟ್ಟೆಗೆ ಸುರಿದು, ನೀರು ಚಿಮುಕಿಸಿ, ಕಲಸಿ, ಮೆಲ್ಲಗೆ ಮತ್ತೆ ಜಾಡಿಗೆ ಬಿಟ್ಟೆ. ಐದು ಇಂಚಿಗೆ ಬಂತು. ಕನ್ನಡಕ ಮೇಲೇರಿಸಿಕೊಂಡು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದರು. ಆಮೇಲೆ ನೀರಿನ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡು ಅವರೇ ಸುರಿಯತೊಡಗಿದರು.