ಟ್ಯಾಂಕ್ ಹಿಡಿಯುವುದು 50 ಲೀಟರ್, ತುಂಬಿಸಿದ್ದು 68

ನಗರಾಡಳಿತದ ಆಡಿಟ್ ಆಫೀಸಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ ಅಂದಾಗ ಜೊತೆಯವರೆಲ್ಲ ನಕ್ಕಿದ್ದರು. ಅವರಿಗೆ ದೊಡ್ಡ ಕಂಪನಿಗಳು, ಬ್ಯಾಂಕುಗಳು ಸಿಕ್ಕಿದ್ದವು. ನನಗೆ ಕಸದ ಲಾರಿ, ಬೀದಿ ದೀಪ, ನೀರಿನ ಬಿಲ್ಲು. ಬೋರ್ ಹೊಡೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಮೂರು ತಿಂಗಳು ಮುಗಿಸಿದ ಮೇಲೆ ಹೇಳುತ್ತಿದ್ದೇನೆ, ಬೋರ್ ಹೊಡೆದಿದ್ದು ನಿಜ. ಆದರೆ ಒಂದು ತಿಂಗಳಿನಷ್ಟು ಮಾತ್ರ.

ಮೊದಲ ದಿನ ಕೈಗೆ ಬಂದಿದ್ದು ಲೆಕ್ಕದ ಪುಸ್ತಕ ಅಲ್ಲ, ಸಹಿ ಹಾಕಬೇಕಾದ ಒಂದು ಹಾಳೆ. ನಾವು ಆಡಿಟ್ ಮಾಡುವ ಇಲಾಖೆಯಲ್ಲಿ ನನ್ನ ನೆಂಟರು ಯಾರಾದರೂ ಇದ್ದಾರಾ, ಅವರಿಗೆ ಮಾಲು ಕೊಡುವವರ ಜೊತೆ ನನಗೇನಾದರೂ ವ್ಯವಹಾರ ಇದೆಯಾ, ಹಿಂದೆ ಯಾವಾಗಲಾದರೂ ಅಲ್ಲಿ ಕೆಲಸ ಮಾಡಿದ್ದೇನಾ, ಹೀಗೆ. ಮೂರು ತಿಂಗಳು ಇದ್ದು ಹೋಗುವ ಇಂಟರ್ನ್‌ಗೂ ಇದೆಲ್ಲ ಬೇಕಾ ಅಂತ ಕೇಳಿದೆ. ನನಗೆ ಕೆಲಸ ಕಲಿಸಬೇಕಿದ್ದ ಮೇಡಂ, "ನೀವು ಬರೆದ ಒಂದೇ ಸಾಲು ರಿಪೋರ್ಟಿಗೆ ಹೋಯ್ತು ಅಂತಿಟ್ಕೊಳ್ಳಿ. ಇವರ ಚಿಕ್ಕಪ್ಪ ಆ ಇಲಾಖೆಯಲ್ಲೇ ಇದ್ದಾರೆ ಅಂತ ಆಮೇಲೆ ಯಾರೋ ಅಂದರು. ಉಳಿದ ನಲವತ್ತು ಪುಟದ ಮೇಲಿನ ನಂಬಿಕೆಯೂ ಹೋಯ್ತು" ಅಂದರು. ಸಹಿ ಹಾಕಿದೆ.

ಆಡಿಟ್ ಅಂದರೆ ವರ್ಷದ ಕೊನೆಗೆ ಹೊರಗಿನಿಂದ ಯಾರೋ ಬಂದು ಜಮಾ ಖರ್ಚು ಸರಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟು ಹೋಗುವುದು ಅಂತ ನಾನು ತಿಳಿದಿದ್ದೆ. ಅದು ಒಂದು ಬಗೆ. ನಾನಿದ್ದ ಆಫೀಸು ಮಾಡುತ್ತಿದ್ದದ್ದು ಇನ್ನೊಂದು ಬಗೆ, ಪರ್ಫಾರ್ಮೆನ್ಸ್ ಆಡಿಟ್. ಲೆಕ್ಕ ಕೂಡುತ್ತದಾ ಅನ್ನುವುದು ಇಲ್ಲಿ ಬರೀ ಶುರು. ಕೊಂಡ ವಸ್ತು ಅಷ್ಟು ಬೆಲೆಗೆ ಬೇಕಿತ್ತಾ, ಕೊಂಡ ಮೇಲೆ ಸರಿಯಾಗಿ ಬಳಸಿದರಾ, ಬಳಸಿದ್ದರಿಂದ ಜನರಿಗೆ ಏನಾದರೂ ಆಯಿತಾ, ಇವು ನಿಜವಾದ ಪ್ರಶ್ನೆಗಳು. ನೂರು ಕಸದ ಡಬ್ಬಿಗೆ ಬಿಲ್ಲು, ರಸೀದಿ, ಸಹಿ ಎಲ್ಲ ಪಕ್ಕಾ ಇರಬಹುದು. ನೂರೂ ಡಬ್ಬಿ ಗೋದಾಮಿನಲ್ಲಿ ಪ್ಲಾಸ್ಟಿಕ್ ಕವರಿನ ಒಳಗೇ ಇದ್ದರೆ ಏನು ಮಾಡುತ್ತೀರಿ?

ಆಡಿಟ್ ಅನ್ನುವ ಪದ ಬಂದಿದ್ದು 'ಕೇಳಿಸಿಕೊಳ್ಳುವುದು' ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಹಿಂದೆ ಲೆಕ್ಕವನ್ನು ಜೋರಾಗಿ ಓದಿ ಹೇಳುತ್ತಿದ್ದರಂತೆ, ಆಡಿಟರ್ ಕೂತು ಕೇಳುತ್ತಿದ್ದನಂತೆ. ಈಗಲೂ ಅರ್ಧ ಕೆಲಸ ಅದೇ. ಒಂದು ಇಲಾಖೆಗೆ ಹೋದರೆ ಮೊದಲು ಒಂದೇ ಒಂದು ಬಿಲ್ಲು ಆರಿಸಿಕೊಂಡು ಅದರ ಹಿಂದೆ ಹೋಗುತ್ತೇವೆ. ಇದು ಬೇಕು ಅಂತ ಕೇಳಿದವರು ಯಾರು, ಒಪ್ಪಿದವರು ಯಾರು, ಆರ್ಡರ್ ಕೊಟ್ಟವರು ಯಾರು, ಮಾಲು ಬಂದಾಗ ಎಣಿಸಿಕೊಂಡವರು ಯಾರು, ಚೆಕ್ಕಿಗೆ ಸಹಿ ಹಾಕಿದವರು ಯಾರು. ಇದಕ್ಕೆ ವಾಕ್‌ಥ್ರೂ ಅನ್ನುತ್ತಾರೆ. ನಿಜಕ್ಕೂ ನಡೆದಾಡಿಕೊಂಡೇ ಮಾಡಬೇಕು, ಟೇಬಲ್ಲಿಂದ ಟೇಬಲ್ಲಿಗೆ. ಈ ಐದು ಜಾಗದಲ್ಲಿ ಎರಡು ಮೂರು ಕಡೆ ಒಬ್ಬರದೇ ಹೆಸರು ಬಂತು ಅಂದರೆ ಅಲ್ಲಿ ನಿಲ್ಲಬೇಕು. ಆ ಮನುಷ್ಯ ಕೆಟ್ಟವನು ಅಂತಲ್ಲ, ತಪ್ಪಾದರೆ ಕಣ್ಣಿಗೆ ಬೀಳುವ ದಾರಿ ಅಲ್ಲಿಲ್ಲ ಅಂತ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಆಡಿಟ್‌ನವರು ಬಂದರು ಅಂದರೆ ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ. ಮೊದಲ ಸಲ ಒಂದು ಕೌಂಟರಿನಲ್ಲಿ ಗಲ್ಲಾಪೆಟ್ಟಿಗೆಯ ಹಣ ಎಣಿಸಲು ಹೋದೆವು. ಮುಂಚೆ ಹೇಳದೆ ಹೋಗಬೇಕು, ಅದು ನಿಯಮ. ಎಣಿಸುವಷ್ಟು ಹೊತ್ತೂ ಕೌಂಟರಿನವರು ಎದುರಿಗೇ ಇರಬೇಕು, ಅದೂ ನಿಯಮ. ಇಲ್ಲದಿದ್ದರೆ ನಾಳೆ ಕಡಿಮೆ ಬಿದ್ದ ಹಣ ನಮ್ಮ ತಲೆಗೆ ಬರುತ್ತದೆ. ಆ ಹೆಂಗಸಿನ ಕೈ ನಡುಗುತ್ತಿತ್ತು. ಎಣಿಸಿದರೆ ಕಾಸಿಗೆ ಕಾಸು ಸರಿ ಇತ್ತು. ವಾಪಸ್ ಬರುವಾಗ ನನಗೆ ಒಂಥರಾ ಆಗಿತ್ತು, ಸುಮ್ನೆ ಯಾರನ್ನೋ ಹೆದರಿಸಿ ಬಂದ ಹಾಗೆ.

ಡೇಟಾ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ (ರಾಶಿ ಸಾಲುಗಳನ್ನು ಗುಂಪು ಮಾಡಿ ಕೂಡುವುದು), ಲುಕಪ್ (ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವುದು) ಬಂದರೆ ಬದುಕಬಹುದು. ವೋಚರ್ ನಂಬರಿನ ಮುಂದಿನ ಸೊನ್ನೆಗಳನ್ನು ಎಕ್ಸೆಲ್ ನುಂಗಿ ಹಾಕುತ್ತದೆ. ದಿನ ತಿಂಗಳು ಅದಲು ಬದಲಾಗುತ್ತವೆ. ಇದು ಗೊತ್ತಿಲ್ಲದೆ ನಾನು ಒಂದು ದಿನ ಪೂರ್ತಿ 'ಕಾಣೆಯಾದ' ವೋಚರ್‌ಗಳನ್ನು ಹುಡುಕಿದ್ದೆ. ಒಂದೂ ಕಾಣೆಯಾಗಿರಲಿಲ್ಲ. ಇನ್ನೊಂದು ಸಲ ಬೆನ್‌ಫರ್ಡ್ ನಿಯಮ ಹಾಕಿ ನೋಡಿದೆ. ಅಳೆದು ಎಣಿಸಿ ಬಂದ ಅಂಕಿಗಳ ದೊಡ್ಡ ರಾಶಿ ಇದ್ದರೆ ಎಷ್ಟೋ ಸಲ ಅದರಲ್ಲಿ 1ರಿಂದ ಶುರುವಾಗುವವು ಸುಮಾರು ನೂರಕ್ಕೆ 30, 9ರಿಂದ ಶುರುವಾಗುವವು 5ಕ್ಕೂ ಕಡಿಮೆ ಅನ್ನುವ ಲೆಕ್ಕ ಅದು. ಇದನ್ನು ಮೊದಲು ಗಮನಿಸಿದ್ದು 1881ರಲ್ಲಿ ಸೈಮನ್ ನ್ಯೂಕಾಂಬ್ ಅನ್ನುವ ಖಗೋಳ ವಿಜ್ಞಾನಿ, ದೊಡ್ಡ ಗುಣಾಕಾರಕ್ಕೆ ಬಳಸುತ್ತಿದ್ದ ಲಾಗರಿದಮ್ ಪುಸ್ತಕದಲ್ಲಿ 1ರಿಂದ ಶುರುವಾಗುವ ಅಂಕಿಗಳಿರುವ ಮೊದಲ ಪುಟಗಳೇ ಜಾಸ್ತಿ ಸವೆದಿವೆ ಅಂತ. (ಪುಸ್ತಕ ಸವೆದಿದ್ದು ನೋಡಿ ಗಣಿತ ಕಂಡುಹಿಡಿಯುವುದು! ನನಗೆ ಈ ಕತೆ ತುಂಬಾ ಇಷ್ಟ.) ನಮ್ಮ ಬಿಲ್ಲುಗಳಲ್ಲಿ ಮೊದಲ ಅಂಕಿಯಾಗಿ 4 ದಿಬ್ಬದ ಹಾಗೆ ಎದ್ದು ನಿಂತಿತ್ತು. ಯಾರೋ ಮೊತ್ತಗಳನ್ನು ಕಟ್ಟಿ ಬರೆದಿದ್ದಾರೆ ಅಂತ ಎದೆ ಢವಗುಟ್ಟಿತು. ನೋಡಿದರೆ ಅದು ತಿಂಗಳು ತಿಂಗಳೂ ಒಂದೇ ಮೊತ್ತ ಕಟ್ಟುವ ಬಾಡಿಗೆ ಬಿಲ್ಲು.

ಈಗ ಪೆಟ್ರೋಲಿನ ಕತೆಗೆ ಬರುತ್ತೇನೆ. ಇಡೀ ಮೂರು ತಿಂಗಳಲ್ಲಿ ನಾನು ಕಲಿತಿದ್ದೆಲ್ಲ ಇದರಲ್ಲೇ ಇದೆ.

ಇಲಾಖೆಯ ಪ್ರತಿ ಗಾಡಿಗೂ ಒಂದು ಪೆಟ್ರೋಲ್ ಕಾರ್ಡ್. ಹಾಕಿಸಿದ ದಿನ, ಹೊತ್ತು, ಎಷ್ಟು ಲೀಟರ್, ಡ್ರೈವರ್ ಒತ್ತಿದ ಕಿಲೋಮೀಟರ್ ರೀಡಿಂಗ್ ಎಲ್ಲ ದಾಖಲಾಗುತ್ತದೆ. ಒಂದು ವರ್ಷದ ಡೇಟಾ ನನ್ನ ಕೈಗೆ ಕೊಟ್ಟರು. ರೀಡಿಂಗ್ ಕಾಲಂ ನೋಡಿ ನಗು ಬಂತು. 1111, 12345, ಆಮೇಲೆ ಹೋದ ವಾರಕ್ಕಿಂತ ಕಡಿಮೆ ರೀಡಿಂಗ್ ತೋರಿಸುವ ಗಾಡಿಗಳು. ಬಂಕಿನಲ್ಲಿ ಹಿಂದೆ ಕ್ಯೂ ಇರುವಾಗ ಬಾಯಿಗೆ ಬಂದ ನಂಬರ್ ಒತ್ತುತ್ತಾರೆ, ಅಷ್ಟೇ. ಹಾಗಾಗಿ ಅದನ್ನು ಬಿಟ್ಟು ಬೇರೆ ಕಡೆಯಿಂದ ಬಂದೆ. ಪ್ರತಿ ಗಾಡಿಯ ಟ್ಯಾಂಕ್ ಎಷ್ಟು ಹಿಡಿಯುತ್ತದೆ ಅಂತ ಪಟ್ಟಿ ಮಾಡಿಕೊಂಡು, ಅದಕ್ಕಿಂತ ಜಾಸ್ತಿ ತುಂಬಿಸಿದ ಸಾಲುಗಳನ್ನು ಮಾತ್ರ ಹೊರಗೆ ತೆಗೆದೆ.

23 ಸಾಲು ಬಂತು. ಒಂದು ಪಿಕಪ್ ಗಾಡಿ, ಟ್ಯಾಂಕ್ ಹಿಡಿಯುವುದೇ 50 ಲೀಟರ್, ಒಂದೇ ಸಲಕ್ಕೆ 68 ಲೀಟರ್ ಕುಡಿದಿತ್ತು. ಅದೂ ನಾಲ್ಕು ಸಲ. ಆ ದಿನ ಎಲ್ಲರೂ ಮನೆಗೆ ಹೋದ ಮೇಲೂ ಕೂತು ಎರಡು ಪುಟದ ಟಿಪ್ಪಣಿ ಬರೆದೆ, ಮೇಲೆ ದಪ್ಪ ಅಕ್ಷರದಲ್ಲಿ 'ಪೆಟ್ರೋಲ್ ಕಳವು' ಅಂತ ಹಾಕಿದೆ, ರಾತ್ರಿ ನಿದ್ದೆಯಲ್ಲೂ ಪತ್ರಿಕೆಯವರು ಬಂದು ಕೇಳಿದ ಹಾಗೆ ನಾನು ತಡೆತಡೆದು ಉತ್ತರ ಕೊಟ್ಟ ಹಾಗೆ ಏನೇನೋ ಕಂಡಿತು.

ಬೆಳಗ್ಗೆ ಮೇಡಂ ಪೆನ್ಸಿಲ್ ತಗೊಂಡು ತಲೆಬರಹ ಹೊಡೆದು ಹಾಕಿದರು. "ಕಳವು ಎಲ್ಲಿ ಕಂಡಿತು ನಿಮಗೆ?"

"68 ಲೀಟರ್ ಹೇಗೆ ಹಿಡಿಯುತ್ತೆ ಮೇಡಂ ಅದರಲ್ಲಿ?"

"ಹಿಡಿಯಲ್ಲ. ಅಷ್ಟು ಬರೀರಿ. ಮಿಕ್ಕಿದ್ದನ್ನು ಹೋಗಿ ಕೇಳೋಣ."

ಗ್ಯಾರೇಜಿಗೆ ಹೋದೆವು. ಅಲ್ಲಿಯ ಸೂಪರ್‌ವೈಸರ್ ವಯಸ್ಸಾದವರು. ನಮ್ಮ ಹಾಳೆ ನೋಡಿ ಗಾಬರಿಯಾಗಲಿಲ್ಲ, ನಕ್ಕರು. "ಬನ್ನಿ ಇಲ್ಲಿ" ಅಂತ ಶೆಡ್ಡಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಹುಲ್ಲು ಕತ್ತರಿಸುವ ಮಿಷಿನ್ನುಗಳು, ಮಳೆನೀರು ಎತ್ತುವ ಪಂಪು, ಒಂದು ಜನರೇಟರ್, ಪಕ್ಕದಲ್ಲಿ ಸಾಲಾಗಿ ಪೆಟ್ರೋಲ್ ಕ್ಯಾನುಗಳು. ಮಿಷಿನ್ನಿಗೆ ಅಂತ ಬೇರೆ ಕಾರ್ಡ್ ಇಲ್ಲ. ಗಾಡಿಗೆ ಹಾಕಿಸುವಾಗ ಅದೇ ಕಾರ್ಡಿನಲ್ಲಿ ಕ್ಯಾನಿಗೂ ತುಂಬಿಸಿಕೊಂಡು ಬರುತ್ತಾರೆ. ಎಷ್ಟೋ ವರ್ಷದಿಂದ ಹಾಗೇ. ನನ್ನ ಕಳ್ಳ ಅಲ್ಲಿಗೆ ಮಾಯವಾದ. ಗುಡ್ಡ ಅಗೆದು ಇಲಿ ಹಿಡಿದಿದ್ದೂ ಅಲ್ಲ, ಇಲಿಯೂ ಇರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮೇಡಂ ಸುಮ್ಮನಿದ್ದರು. ಆಮೇಲೆ ಕೇಳಿದರು, "ಮಿಕ್ಕ 18 ಲೀಟರ್ ಮಿಷಿನ್ನಿಗೇ ಹೋಯ್ತು ಅಂತ ಹೇಗೆ ಹೇಳ್ತೀರಿ?"

"ಅವರೇ ಹೇಳಿದರಲ್ಲ."

"ಅವರಿಗೆ ಹೇಗೆ ಗೊತ್ತು?"

ಆಗ ಹೊಳೆಯಿತು. ಕ್ಯಾನಿನಿಂದ ಯಾವ ಮಿಷಿನ್ನಿಗೆ ಎಷ್ಟು ಹಾಕಿದರು ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಸೂಪರ್‌ವೈಸರ್ ಪ್ರಾಮಾಣಿಕರೇ ಇರಬಹುದು, ನನಗೆ ಹಾಗೇ ಅನ್ನಿಸಿತು. ಆದರೆ ನಾಳೆ ಯಾರಾದರೂ ನೀವೇ ಕದ್ದಿರಿ ಅಂದರೆ ಇಲ್ಲ ಅಂತ ತೋರಿಸಲು ಅವರ ಹತ್ತಿರವೂ ಒಂದು ಚೂರು ಕಾಗದ ಇಲ್ಲ. ಕಳ್ಳತನ ಆಗಿದೆ ಅಂತ ನಾವು ಹೇಳುವ ಹಾಗಿಲ್ಲ, ಆಗಿಲ್ಲ ಅಂತ ಅವರು ಹೇಳುವ ಹಾಗಿಲ್ಲ. ಅದೇ ಫೈಂಡಿಂಗ್, ಅಂದರೆ ಆಡಿಟ್‌ನಲ್ಲಿ ಕಂಡು ರಿಪೋರ್ಟಿಗೆ ಹಾಕುವ ವಿಷಯ. ಇಷ್ಟು ಸಪ್ಪೆಯಾದ ಮಾತನ್ನು ಒಂದು ಫೈಂಡಿಂಗ್ ಅಂತ ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಆ ಎರಡು ದಿನದಲ್ಲಿ ಮೇಡಂ ನನಗೆ ಓದಲು ಕೊಟ್ಟಿದ್ದು ಡಿಕ್ಸನ್ ಪ್ರಕರಣ. ಅಮೆರಿಕದ ಇಲಿನಾಯ್ ರಾಜ್ಯದ ಸಣ್ಣ ಊರು ಅದು, ಜನಸಂಖ್ಯೆ 16,000ದ ಆಸುಪಾಸು. ರೀಟಾ ಕ್ರಂಡ್‌ವೆಲ್ ಅನ್ನುವವರು 1983ರಿಂದ ಅಲ್ಲಿಯ ಹಣಕಾಸು ನೋಡಿಕೊಳ್ಳುತ್ತಿದ್ದರು. 1990ರಲ್ಲಿ ಊರಿನ ಹೆಸರಿನಲ್ಲೇ ಒಂದು ಗುಟ್ಟಿನ ಬ್ಯಾಂಕ್ ಖಾತೆ ತೆರೆದರು. ಸುಳ್ಳು ಇನ್‌ವಾಯ್ಸ್ ತಯಾರಿಸಿ ಊರಿನ ಹಣವನ್ನು ಅದಕ್ಕೆ ಹಾಕಿ, ಅಲ್ಲಿಂದ ತಮ್ಮ ಖರ್ಚಿಗೆ ತೆಗೆಯುತ್ತಿದ್ದರು. ಆ ಹಣದಲ್ಲಿ ಕುದುರೆ ಸಾಕುತ್ತಿದ್ದರು, ಆ ದೇಶದಲ್ಲೇ ಹೆಸರುವಾಸಿ ಕುದುರೆಗಳು. ಎರಡು ದಶಕದಲ್ಲಿ ಹೋಗಿದ್ದು 5 ಕೋಟಿ 37 ಲಕ್ಷ ಡಾಲರ್. ಹಣ ಇಲ್ಲ ಅಂತ ಇತ್ತ ಊರಿನ ಕೆಲಸಗಳು ನಿಲ್ಲುತ್ತಿದ್ದವು. ವರ್ಷ ವರ್ಷ ಹೊರಗಿನ ಆಡಿಟರ್‌ಗಳು ಬಂದು ಸಹಿ ಹಾಕಿ ಹೋಗುತ್ತಿದ್ದರು. ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? 2011ರಲ್ಲಿ ರೀಟಾ ಉದ್ದ ರಜೆ ಹಾಕಿದ್ದಾಗ ಅವರ ಕೆಲಸ ನೋಡುತ್ತಿದ್ದ ಕ್ಲರ್ಕ್ ಬ್ಯಾಂಕಿನಿಂದ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ತರಿಸಿದರು. ಅದರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಖಾತೆ ಇತ್ತು. 2013ರಲ್ಲಿ 19 ವರ್ಷ 7 ತಿಂಗಳ ಶಿಕ್ಷೆ ಆಯಿತು.

ಓದಿ ಮುಗಿಸಿದ ಮೇಲೆ ನನಗೆ ನೆನಪಾಗಿದ್ದು ಕುದುರೆ ಅಲ್ಲ, ಆ ರಜೆ. ಹಣ ಮುಟ್ಟುವವರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆ ತಗೊಳ್ಳಬೇಕು, ಆಗ ಬೇರೆಯವರು ಆ ಕುರ್ಚಿಯಲ್ಲಿ ಕೂರಬೇಕು ಅನ್ನುವ ನಿಯಮ ಎಷ್ಟೋ ಕಡೆ ಇದೆ. ನಾನು ಅದನ್ನು ನೌಕರರ ಮೇಲಿನ ಪ್ರೀತಿ ಅಂದುಕೊಂಡಿದ್ದೆ!

ಆಮೇಲೆ ಬರೆಯುವ ಕೆಲಸ. ಒಂದು ಫೈಂಡಿಂಗಿಗೆ ನಾಲ್ಕು ಕಾಲು ಇರಬೇಕು: ಹೇಗಿರಬೇಕಿತ್ತು, ಹೇಗಿದೆ, ಯಾಕೆ ಹಾಗಾಯಿತು, ಅದರಿಂದ ಏನಾಗುತ್ತದೆ. ಮೊದಲ ಎರಡು ಸುಲಭ. 'ಯಾಕೆ' ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ನಾನು 'ಸಿಬ್ಬಂದಿಯ ಅಸಡ್ಡೆಯಿಂದ' ಅಂತ ಬರೆದಿದ್ದೆ. ಮೇಡಂ ಮತ್ತೆ ಗ್ಯಾರೇಜಿಗೆ ಕಳಿಸಿದರು. ಅಲ್ಲಿಯವರು ತುಂಬಿಸುತ್ತಿದ್ದ ಫಾರಂ ತಂದು ನೋಡಿದರೆ ಅದರಲ್ಲಿ ಗಾಡಿ ನಂಬರ್ ಬರೆಯಲು ಮಾತ್ರ ಜಾಗ ಇತ್ತು. ಕ್ಯಾನು, ಮಿಷಿನ್ನು ಬರೆಯಬೇಕು ಅಂದರೂ ಎಲ್ಲಿ ಬರೆಯುತ್ತಾರೆ? ಅಸಡ್ಡೆ ಇದ್ದದ್ದು ಫಾರಂ ಮಾಡಿದವರದು.

ರಿಪೋರ್ಟ್ ಹೊರಗೆ ಹೋಗುವ ಮುಂಚೆ, ಆ ಕೆಲಸದಲ್ಲಿ ಇಲ್ಲದ ಇನ್ನೊಬ್ಬರು ಕೂತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಇದಕ್ಕೆ ಕಾಗದ ಎಲ್ಲಿ ಅಂತ ಕೇಳುತ್ತಾರೆ. ನನ್ನ ಪ್ಯಾರಾದಲ್ಲಿ 'ಹೆಚ್ಚಿನ ಸಲ' ಅಂತಿತ್ತು. ಹೆಚ್ಚಿನ ಸಲ ಅಂದರೆ ಎಷ್ಟು? ಮತ್ತೆ ಎಣಿಸಿ '23ರಲ್ಲಿ 19 ಸಲ' ಅಂತ ತಿದ್ದಿದೆ. ಎರಡು ಪುಟದ ಕಳವಿನ ಟಿಪ್ಪಣಿ ಕೊನೆಗೆ ಆರು ಸಾಲಾಯಿತು. ನನ್ನ ಹೆಸರು ಎಲ್ಲೂ ಇಲ್ಲ. ಆದರೂ ಆ ಆರು ಸಾಲಿನಲ್ಲಿ ಯಾವುದನ್ನು ಬೇಕಾದರೂ ತೋರಿಸಿ ಕೇಳಿ, ಅದರ ಕಾಗದ ಯಾವ ಫೋಲ್ಡರಿನಲ್ಲಿದೆ ಅಂತ ಈಗಲೂ ಹೇಳುತ್ತೇನೆ.

ಕೊನೆಯ ಮೀಟಿಂಗಿನಲ್ಲಿ ಇಲಾಖೆಯ ಮುಖ್ಯಸ್ಥರು ಸ್ವಲ್ಪ ಸಿಟ್ಟಾದರು. ನಾವು ಹಾಕಿದ್ದ 'ವಿಫಲ' ಅನ್ನುವ ಪದ ತೆಗೆಯಬೇಕು ಅಂದರು. ಮೇಡಂ ತೆಗೆದರು. ಅಂಕಿ ತೆಗೆಯಿರಿ ಅಂದಿದ್ದರೆ ತೆಗೆಯುತ್ತಿರಲಿಲ್ಲ. ಇಲಾಖೆಯವರ ಉತ್ತರವನ್ನೂ ರಿಪೋರ್ಟಿನಲ್ಲೇ ಅಚ್ಚು ಹಾಕುತ್ತಾರೆ, ಅದು ಒಳ್ಳೆಯ ಪದ್ಧತಿ. ಅವರು ಬರೆದುಕೊಟ್ಟಿದ್ದು ಒಂದೇ ಸಾಲು: ಒಪ್ಪಿದ್ದೇವೆ, ಕ್ಯಾನುಗಳಿಗೆ ಲಾಗ್ ಬುಕ್ ಇಡುತ್ತೇವೆ.

ನನ್ನ ಕೊನೆಯ ವಾರ ಗ್ಯಾರೇಜಿನಿಂದ ಫೋನ್ ಬಂತು. ಅದೇ ಸೂಪರ್‌ವೈಸರ್. "ಆ ಬುಕ್ಕಿಗೆ ಏನೇನು ಕಾಲಂ ಹಾಕಲಿ, ನೀವೇ ಹೇಳಿಬಿಡಿ" ಅಂದರು. ನಿಮ್ಮ ರಿಜಿಸ್ಟರ್ ಹೀಗೇ ಇರಲಿ ಅಂತ ಆಡಿಟರ್ ಮಾಡಿಕೊಡುವ ಹಾಗಿಲ್ಲ. ನಾಳೆ ಅದನ್ನೇ ಆಡಿಟ್ ಮಾಡಬೇಕಲ್ಲ. ಮೇಡಂ ಕಡೆ ನೋಡಿದೆ, ಅವರು ಬೇಡ ಅಂತ ತಲೆ ಅಲ್ಲಾಡಿಸಿದರು. ನೀವೇ ಮಾಡಿ, ಯಾವ ಮಿಷಿನ್ನಿಗೆ ಎಷ್ಟು ಹೋಯಿತು ಅಂತ ಗೊತ್ತಾದರೆ ಸಾಕು ಅಂದೆ. ಎರಡು ದಿನ ಬಿಟ್ಟು ಪುಟದ ಫೋಟೋ ಕಳಿಸಿದರು. ತಾರೀಖು, ಮಿಷಿನ್, ಲೀಟರ್, ಸಹಿ. ಜೊತೆಗೆ ಇನ್ನೊಂದು ಕಾಲಂ: ಹಾಕುವ ಮುಂಚೆ ಕ್ಯಾನಿನಲ್ಲಿ ಎಷ್ಟಿತ್ತು. ಅದು ನನಗೆ ಹೊಳೆದಿರಲೇ ಇಲ್ಲ.