ಲಾಸ್ಟ್ ಝೋನ್: ನಾಲ್ಕು, ಏಳು, ಹತ್ತು

ಪೋಕೆಮಾನ್ ಕಾರ್ಡ್ ಆಟಕ್ಕೆ ಹೊಸದಾಗಿ ಬಂದವರು ಲಾಸ್ಟ್ ಝೋನ್ ಅನ್ನು ಎರಡನೇ ಡಿಸ್ಕಾರ್ಡ್ ಪೈಲ್ (ಆಡಿ ಬಿಟ್ಟ ಕಾರ್ಡುಗಳ ರಾಶಿ) ಅಂದುಕೊಂಡೇ ಸೋಲುತ್ತಾರೆ. ಪಲ್ಪಿಂಗ್ ಆದ ಕಾಫಿ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಒಂದಲ್ಲ ಒಂದು ದಿನ ಅದು ಗಿಡದ ಬುಡಕ್ಕೇ ಬರುತ್ತದೆ. ಡಿಸ್ಕಾರ್ಡ್ ಅಂದರೆ ಆ ಗುಂಡಿ: ಸೂಪರ್ ರಾಡ್ ಆಡಿದರೆ ಪೋಕೆಮಾನ್, ಬೇಸಿಕ್ ಎನರ್ಜಿ (ಹೊಡೆಯಲು ಪೋಕೆಮಾನ್‌ಗೆ ಹಚ್ಚುವ ಕಾರ್ಡು) ಸೇರಿ 3 ಕಾರ್ಡ್‌ವರೆಗೆ ಡೆಕ್‌ಗೆ ವಾಪಸ್. ಲಾಸ್ಟ್ ಝೋನ್‌ಗೆ ಹೋದದ್ದು ಕಕ್ಕಡದ ಮಳೆಯಲ್ಲಿ ಕಾವೇರಿಗೆ ಬಿದ್ದ ಹಾಗೆ. ಆ ಆಟದ ಮಟ್ಟಿಗೆ ಅದರ ಆಸೆ ಬಿಡಬೇಕು.

ಈ ಜಾಗ ಮೊದಲು ಬಂದದ್ದು 2009ರ ಪ್ಲಾಟಿನಂ ಸೆಟ್‌ನಲ್ಲಿ. 2011ರ ಕಾಲ್ ಆಫ್ ಲೆಜೆಂಡ್ಸ್‌ನಲ್ಲಿ ಲಾಸ್ಟ್ ವರ್ಲ್ಡ್ ಅನ್ನುವ ಸ್ಟೇಡಿಯಂ (ಇಬ್ಬರಿಗೂ ಅನ್ವಯಿಸುವ ಕಾರ್ಡು) ಇತ್ತು. ಎದುರಾಳಿಯ 6 ಪೋಕೆಮಾನ್ ಲಾಸ್ಟ್ ಝೋನ್ ಸೇರಿದ್ದರೆ ನೇರವಾಗಿ ಗೆಲುವು ಸಾರಬಹುದಿತ್ತು. ಆಮೇಲೆ 2018ರವರೆಗೆ ಸದ್ದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಲಾಸ್ಟ್ ಆರಿಜಿನ್ ಸೆಟ್ ಬಂದಾಗ ಲೆಕ್ಕ ತಲೆಕೆಳಗಾಯಿತು. ಈಗ ನಿಮ್ಮದೇ ಕಾರ್ಡುಗಳನ್ನು ನೀವೇ ಅಲ್ಲಿಗೆ ಕಳಿಸುತ್ತೀರಿ, ಬೇಕೆಂದೇ. 2025ರ ಏಪ್ರಿಲ್ ರೊಟೇಶನ್‌ನಲ್ಲಿ (ಹಳೆಯ ಕಾರ್ಡುಗಳನ್ನು ಟೂರ್ನಿಯ ಆಟದಿಂದ ಕೈಬಿಡುವ ಕ್ರಮ) ಈ ಕಾರ್ಡುಗಳು ಸ್ಟ್ಯಾಂಡರ್ಡ್‌ನಿಂದ ಹೊರಬಿದ್ದಿವೆ. ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಮನೆಯ ಊಟದ ಮೇಜಿನ ಮೇಲೆ ಆಡುವವರಿಗೆ ರೊಟೇಶನ್ನಿನ ಹಂಗಿಲ್ಲ, ಆಡಿ.

ಮೂರು ಸಂಖ್ಯೆ ಬಾಯಿಪಾಠ ಇರಲಿ. ಲಾಸ್ಟ್ ಝೋನ್‌ನಲ್ಲಿ 4 ಕಾರ್ಡ್ ಆದರೆ ಕ್ರಾಮೊರಂಟ್ ಎನರ್ಜಿಯೇ ಇಲ್ಲದೆ 110 ಹೊಡೆಯುತ್ತದೆ. 7 ಆದರೆ ಮಿರಾಜ್ ಗೇಟ್ ಆಡಬಹುದು: ಡೆಕ್‌ನಿಂದ ಬೇರೆ ಬೇರೆ ಬಗೆಯ 2 ಬೇಸಿಕ್ ಎನರ್ಜಿ ತೆಗೆದು ಬೇಕಾದ ಪೋಕೆಮಾನ್‌ಗೆ ಹಚ್ಚಬಹುದು. 10 ಆದರೆ ಸೇಬಲ್‌ಐ ಒಂದೇ ಸೈಕಿಕ್ ಎನರ್ಜಿಗೆ 12 ಡ್ಯಾಮೇಜ್ ಕೌಂಟರ್‌ಗಳನ್ನು (ಒಂದು ಕೌಂಟರ್ ಅಂದರೆ 10) ಎದುರಾಳಿಯ ಪೋಕೆಮಾನ್‌ಗಳಿಗೆ ನಿಮಗೆ ಇಷ್ಟ ಬಂದಂತೆ ಹಂಚುತ್ತದೆ. ಅದೇ 10ಕ್ಕೆ ಗಿರಾಟಿನಾ ವಿಸ್ಟಾರ್ ಎದುರಿನ ಆ್ಯಕ್ಟಿವ್ (ಮುಂದೆ ನಿಂತು ಕಾದುವ) ಪೋಕೆಮಾನ್ ಎಷ್ಟೇ ದೊಡ್ಡದಿರಲಿ, ಆಟಕ್ಕೊಮ್ಮೆ ನೇರವಾಗಿ ನಾಕೌಟ್ ಮಾಡುತ್ತದೆ.

ಅಲ್ಲಿಗೆ ತಲುಪಿಸುವ ಕೂಲಿಯಾಳು ಕಾಂಫೀ ಅನ್ನುವ ಪೋಕೆಮಾನ್. ಆ್ಯಕ್ಟಿವ್ ಜಾಗದಲ್ಲಿದ್ದಾಗ ಡೆಕ್‌ನ ಮೇಲಿನ 2 ಕಾರ್ಡ್ ನೋಡಿ, ಒಂದನ್ನು ಕೈಗೆ, ಇನ್ನೊಂದನ್ನು ಲಾಸ್ಟ್ ಝೋನ್‌ಗೆ. ಪ್ರತಿ ಕಾಂಫೀಗೆ ಸರದಿಗೊಮ್ಮೆ. ಕೋಲ್ರೆಸ್ ಪ್ರಯೋಗದ ಕಾರ್ಡು ಮೇಲಿನ 5 ತೋರಿಸಿ 3 ಕೈಗೆ ಕೊಡುತ್ತದೆ, 2 ಕಳೆಯುತ್ತದೆ. ಅದು ಸಪೋರ್ಟರ್ ಆದ್ದರಿಂದ ಸರದಿಗೆ ಒಂದೇ, ಮೊದಲು ಆಡುವವರಿಗೆ ಮೊದಲ ಸರದಿಯಲ್ಲಿ ಅದೂ ಇಲ್ಲ. ಹಾಗಾಗಿ ಟಾಸ್ ಗೆದ್ದರೆ ಎರಡನೆಯವರಾಗಿ ಆಡುವ ಆಸೆ ಹುಟ್ಟುವುದು ಸಹಜ. ಲೆಕ್ಕ ನೋಡಿ: ಮೊದಲ ಕಾಂಫೀ 1, ಕೋಲ್ರೆಸ್ 2, ಸ್ವಿಚ್ ಕಾರ್ಟ್ ಆಡಿ ಎರಡನೇ ಕಾಂಫೀ ಮುಂದೆ ತಂದರೆ ಇನ್ನೊಂದು. ನಾಲ್ಕಾಯಿತು. ಬೀಚ್ ಕೋರ್ಟ್ ಸ್ಟೇಡಿಯಂ ಇದ್ದರೆ ಕಾಂಫೀಯ 1 ಎನರ್ಜಿ ರಿಟ್ರೀಟ್ (ಹಿಂದೆ ಸರಿಯುವ ಬೆಲೆ) ಪುಕ್ಕಟೆ. ಅದನ್ನು ಹಿಂದೆ ಸರಿಸಿ ಕ್ರಾಮೊರಂಟ್ ಮುಂದೆ ಬಿಟ್ಟರೆ ಮೊದಲ ಸರದಿಯಲ್ಲೇ 110. ರಿಟ್ರೀಟ್ ಸರದಿಗೆ ಒಂದೇ ಸಲ ಅನ್ನುವುದನ್ನು ಮರೆತು ಅದನ್ನು ಮೊದಲೇ ಖರ್ಚು ಮಾಡಿದರೆ ಕೊನೆಗೆ ಕಾಂಫೀ ಮುಂದೆಯೇ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಎರಡು ಸ್ವಿಚ್ ಇದ್ದರೆ ಸರಿ, ಇಲ್ಲದಿದ್ದರೆ ರಿಟ್ರೀಟ್ ಕೊನೆಗೆ.

ನಿಜವಾದ ಆಟ ಇರುವುದು ಕಾಂಫೀ ತೋರಿಸುವ ಆ ಎರಡು ಕಾರ್ಡಿನಲ್ಲಿ. ಅದನ್ನು ಮುಟ್ಟುವ ಮುನ್ನ ಡೆಕ್ ಹುಡುಕುವ ಕಾರ್ಡು ಯಾವುದಿದ್ದರೂ ಆಡಿ: ನೆಸ್ಟ್ ಬಾಲ್, ಮೊದಲ ಸರದಿಯಾದರೆ ಬ್ಯಾಟಲ್ ವಿಐಪಿ ಪಾಸ್. ಹುಡುಕುವ ನೆಪದಲ್ಲಿ ಡೆಕ್ ಪೂರ್ತಿ ಕಣ್ಣಿಗೆ ಬೀಳುತ್ತದೆ, ಶುರುವಿನಲ್ಲೇ ಮುಖ ಕೆಳಗಾಗಿ ಬದಿಗಿಟ್ಟ 6 ಪ್ರೈಜ್ ಕಾರ್ಡುಗಳಲ್ಲಿ (ನಾಕೌಟ್ ಮಾಡಿದಾಗ ತೆಗೆದುಕೊಳ್ಳುವಂಥವು) ಏನು ಸಿಕ್ಕಿಬಿದ್ದಿದೆ ಎಂದು ತಿಳಿಯುತ್ತದೆ. ಅದು ಗೊತ್ತಿಲ್ಲದೆ ಕಳೆಯುವುದು ಕಣ್ಣು ಕಟ್ಟಿಕೊಂಡು ಕಾಫಿ ಗಿಡ ಕಸಿ ಮಾಡಿದ ಹಾಗೆ. ಸಾಮಾನ್ಯವಾಗಿ ಎಡವುವ ಜಾಗ ಎನರ್ಜಿ. ಡೆಕ್‌ನಲ್ಲಿ ಸೈಕಿಕ್ 3 ಇದೆ ಅನ್ನಿ. ಒಂದು ಪ್ರೈಜ್‌ನಲ್ಲಿ, ಒಂದು ಕೈಯಲ್ಲಿ, ಉಳಿದ ಒಂದನ್ನು "ಎನರ್ಜಿ ತಾನೆ" ಎಂದು ಕಳೆದಿರಿ. ಮುಂದೆ ಮಿರಾಜ್ ಗೇಟ್ ಆಡಿದರೆ ಡೆಕ್‌ನಲ್ಲಿ ಸೈಕಿಕ್ಕೇ ಇಲ್ಲ. ಗಿರಾಟಿನಾ ಆಡುವವರಿಗೆ ಈ ಬಿಸಿ ಇನ್ನೂ ಜಾಸ್ತಿ, 280 ಹೊಡೆಯುವ ಲಾಸ್ಟ್ ಇಂಪ್ಯಾಕ್ಟ್ ಪ್ರತಿ ಸಲ ಹಚ್ಚಿದ ಎನರ್ಜಿಯಲ್ಲಿ 2 ಅನ್ನು ಲಾಸ್ಟ್ ಝೋನ್‌ಗೆ ಎಳೆಯುತ್ತದೆ. 8ರಲ್ಲಿದ್ದವರನ್ನು 10ಕ್ಕೆ ತಲುಪಿಸುವುದೂ ಅದೇ ಹೊಡೆತ, ಅದು ಬೇರೆ ಮಾತು.

ಯಾವುದನ್ನು ಕಳೆಯಬೇಕು? ಮೊದಲ ಸರದಿ ದಾಟಿದ ಮೇಲೆ ವಿಐಪಿ ಪಾಸ್ ಬಂದರೆ ಯೋಚಿಸಬೇಡಿ, ಅದು ಸತ್ತ ಕಾರ್ಡು. ಹೆಚ್ಚಾದ ಬೇಸಿಕ್ ಪೋಕೆಮಾನ್, ಎರಡನೇ ಸೂಪರ್ ರಾಡ್ ಹೋಗಲಿ. 4 ಮಿರಾಜ್ ಗೇಟ್‌ನಲ್ಲಿ ಒಂದು ಹೋದರೆ ತಡೆದುಕೊಳ್ಳಬಹುದು. ಸ್ವಿಚ್ ಕಾರ್ಡುಗಳನ್ನು ಮಾತ್ರ ಆರಂಭದಲ್ಲಿ ಬಿಡಲೇಬೇಡಿ, ಅವಿಲ್ಲದೆ ಕಾಂಫೀಗೆ ಕೈಕಾಲಿಲ್ಲ.

ಲಾಸ್ಟ್ ವ್ಯಾಕ್ಯೂಮ್ ವಿಷಯದಲ್ಲಿ ಜಗಳ ಜಾಸ್ತಿ. ಅದನ್ನು ಆಡಲು ಕೈಯಿಂದ ಬೇರೊಂದು ಕಾರ್ಡನ್ನು ಲಾಸ್ಟ್ ಝೋನ್‌ಗೆ ಹಾಕಬೇಕು. ಪ್ರತಿಯಾಗಿ ಯಾವುದಾದರೂ ಟೂಲ್ (ಪೋಕೆಮಾನ್‌ಗೆ ಹಚ್ಚುವ ಸಲಕರಣೆಯ ಕಾರ್ಡು) ಅಥವಾ ಸ್ಟೇಡಿಯಂ ಅಲ್ಲಿಗೆ ಹೋಗುತ್ತದೆ. ವ್ಯಾಕ್ಯೂಮ್ ತಾನು ಹೋಗುವುದು ಡಿಸ್ಕಾರ್ಡ್‌ಗೆ. ಕಳೆದ ಕಾರ್ಡು ಸೇರುವುದು ಅದರ ಯಜಮಾನರ ಲಾಸ್ಟ್ ಝೋನ್‌ಗೆ. ಎದುರಾಳಿಯ ಟೂಲ್ ಕಿತ್ತರೆ ನಿಮ್ಮ ಲೆಕ್ಕಕ್ಕೆ 1 ಮಾತ್ರ. ನಿಮ್ಮದೇ ಬೀಚ್ ಕೋರ್ಟ್ ಕಿತ್ತರೆ 2. ಐದರಿಂದ ಏಳಕ್ಕೋ, ಎಂಟರಿಂದ ಹತ್ತಕ್ಕೋ ಹಾರಲು ಸ್ವಂತ ಸ್ಟೇಡಿಯಂ ಬಲಿ ಕೊಡುವುದು ಒಳ್ಳೆಯ ಲೆಕ್ಕವೇ.

ಸೇಬಲ್‌ಐನ 12 ಕೌಂಟರ್ ಹಂಚುವಾಗ ಎರಡು ಸರದಿ ಮುಂದೆ ನೋಡಿ. ಎದುರಿಗೂ ಕಾಂಫೀಗಳಿದ್ದರೆ, ಒಂದರ ಎಚ್‌ಪಿ (ತಾಳಿಕೊಳ್ಳುವ ಪೆಟ್ಟು) 70. ಮೊದಲ ಸಲ ಒಂದಕ್ಕೆ 7, ಇನ್ನೊಂದಕ್ಕೆ 5. ಎರಡನೇ ಸಲ ಆ ಗಾಯಗೊಂಡದ್ದಕ್ಕೆ 2, ಮೂರನೆಯದಕ್ಕೆ 7, ಇನ್ನೂ 3 ಉಳಿಯಿತು. ಎರಡು ಹೊಡೆತಕ್ಕೆ 3 ಪ್ರೈಜ್. ಮನಾಫಿ ಬೆಂಚ್ (ಹಿಂದೆ ಕೂತ ಪೋಕೆಮಾನ್‌ಗಳನ್ನು) ಕಾಯುತ್ತದೆ ಎಂದು ಎದುರಾಳಿ ನೆಮ್ಮದಿಯಾಗಿದ್ದರೆ ಇರಲಿ: ಮನಾಫಿ ತಡೆಯುವುದು ಡ್ಯಾಮೇಜ್ ಅನ್ನು, ಕೌಂಟರ್ ಇಡುವುದನ್ನಲ್ಲ. ಅದಕ್ಕೆ ಪ್ಯಾರಡಾಕ್ಸ್ ರಿಫ್ಟ್‌ನ ಜಿರಾಚಿ ಬೇಕು. ಈ ಡೆಕ್‌ಗೆ ದೊಡ್ಡ ಕಾಟ ಕ್ಲೆಫ್ಕಿ. ಅದು ಆ್ಯಕ್ಟಿವ್ ಆಗಿ ನಿಂತರೆ ಬೇಸಿಕ್ ಪೋಕೆಮಾನ್‌ಗಳ ಎಬಿಲಿಟಿ (ಹೊಡೆತವಲ್ಲದ ವಿಶೇಷ ಶಕ್ತಿ) ಬಂದ್, ಕಾಂಫೀಯೂ ಕ್ರಾಮೊರಂಟ್ಟೂ ಸುಮ್ಮನೆ ಕೂರುತ್ತವೆ. ಎಸ್ಕೇಪ್ ರೋಪ್ ಆಡಿದರೆ ಎರಡೂ ಕಡೆಯವರು ಆ್ಯಕ್ಟಿವ್ ಬದಲಿಸಬೇಕು, ಕ್ಲೆಫ್ಕಿ ಬೆಂಚಿಗೆ ಹೋಗುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ತೊಂದರೆ. ತೇವಕ್ಕೆ ಫಾಯಿಲ್ ಕಾರ್ಡು ಬಾಗುತ್ತದೆ, ಬಾಗಿದ ಕಾರ್ಡು ಡೆಕ್‌ನ ಮೇಲೆ ಕೂತರೆ ತೆಗೆಯುವ ಮೊದಲೇ ಗುರುತು ಸಿಗುತ್ತದೆ. ಮೇಲಿನ ಎರಡು ಕಾರ್ಡಿನ ಮೇಲೇ ನಿಂತ ಡೆಕ್‌ನಲ್ಲಿ ಅದು ಮೋಸಕ್ಕೆ ಸಮ. ಸಾಧ್ಯವಾದಷ್ಟೂ ಫಾಯಿಲ್ ಇಲ್ಲದ ಪ್ರತಿ ಬಳಸಿ, 60ಕ್ಕೂ ಒಂದೇ ಬಗೆಯ ಸ್ಲೀವ್ ಹಾಕಿ, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಟ್ಟೆಯ ಹಾಗೆ ಅಗ್ಗಿಷ್ಟಿಕೆಯ ಮೇಲೆ ಒಣಗಿಸಲು ಹೋದರೆ ಇನ್ನೊಂದು ಕಡೆಗೆ ಬಾಗುತ್ತದೆ.

ಲಾಸ್ಟ್ ಝೋನ್‌ನ ಕಾರ್ಡುಗಳು ಮುಖ ಮೇಲಾಗಿಯೇ ಇರಬೇಕು, ಇಬ್ಬರೂ ಯಾವಾಗ ಬೇಕಾದರೂ ನೋಡಬಹುದು. ಡಿಸ್ಕಾರ್ಡ್‌ನಿಂದ ದೂರ, ಪ್ರೈಜ್‌ಗಳ ಕಡೆಗೆ ಇಡಿ. ಒಂದೇ ಕಟ್ಟಾಗಿ ಪೇರಿಸಬೇಡಿ: ಮೊದಲ ಸಾಲಿಗೆ 4, ಅದರ ಕೆಳಗೆ 3, ಮತ್ತೆ 3. ಯಾರೂ ಎಣಿಸಬೇಕಿಲ್ಲ, ಸಾಲು ತುಂಬಿದ್ದು ಕಂಡರೆ ಸಾಕು. ಹನ್ನೊಂದನೆಯದರಿಂದ ಮುಂದೆ ಒಂದರ ಮೇಲೊಂದು ಹಾಕಿದರೂ ನಡೆಯುತ್ತದೆ, ಈ ಡೆಕ್‌ನ ಯಾವ ಕಾರ್ಡೂ 10ಕ್ಕಿಂತ ಹೆಚ್ಚು ಕೇಳುವುದಿಲ್ಲ.